ಜ್ವರ ಬಾರದಿದ್ದರೆ ಗಟ್ಟಿ ಎನ್ನಬಹುದೇ?

ಶಿವಮೊಗ್ಗ ಜಿಲ್ಲೆಯ ತಾಯಿಯೊಬ್ಬರ ಪತ್ರ: "19 ವರ್ಷದ ಮಗಳು ದಪ್ಪಗಾಗುವ ಭಯದಿಂದ ಒಂದೂವರೆ ವರ್ಷದಿಂದ ಸರಿಯಾಗಿ ಉಣ್ಣುತ್ತಿಲ್ಲ. ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದುಬಿಡುತ್ತಾಳೆ. ಏಪ್ರಿಲ್ ಸೆಕೆಯಲ್ಲೂ ಸ್ವೆಟರ್ ಬೇಕು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ ಕಡಿಮೆ ಬಂದಿದೆ. ತರಕಾರಿ ಹೆಚ್ಚುವಾಗ ಬೆರಳಿಗಾದ ಗಾಯ ಮೂರು ವಾರವಾದರೂ ಮಾಗಿಲ್ಲ. ಆದರೂ ಅವಳು, 'ನನಗೆ ಒಂದು ನೆಗಡಿಯೂ ಬಂದಿಲ್ಲ, ಸುಮ್ಮನೆ ಹೆದರಬೇಡಮ್ಮ' ಎನ್ನುತ್ತಾಳೆ."

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ. ಅನೊರೆಕ್ಸಿಯಾ ಎಂಬ ಈ ಕಾಯಿಲೆಯಲ್ಲಿ ನೆಗಡಿ, ಜ್ವರ ಅಪರೂಪವೆಂಬುದನ್ನು ವೈದ್ಯರೂ ಗಮನಿಸಿದ್ದಾರೆ. ಆದರೆ ಅದನ್ನು ಶಕ್ತಿಯ ಗುರುತೆಂದು ನಂಬಬೇಡಿ. ಮೈ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಬೇಕಾದರೆ ದೇಹ ಸುಮಾರು 10 ಶೇಕಡಾ ಹೆಚ್ಚು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ; ಸೆಕೆಯಲ್ಲೂ ನಡುಗುವ ದೇಹಕ್ಕೆ ಅಷ್ಟು ಉರುವಲು ಎಲ್ಲಿಂದ ಬರಬೇಕು? ಹೀಗಾಗಿ ಬ್ಯಾಕ್ಟೀರಿಯಾ ಸೋಂಕು ತಗುಲಿದರೂ ಜ್ವರ ಕಾಣದೆ, ರೋಗ ಪತ್ತೆಯಾಗುವುದು ತಡವಾಗುತ್ತದೆ. ನನ್ನನ್ನು ಹೆಚ್ಚು ಕಳವಳಗೊಳಿಸುವುದು ಇದೇ.

ಬಿಳಿ ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ತೀವ್ರವಾಗಿ ಸೊರಗಿದವರಲ್ಲಿ ಮಜ್ಜೆಯ ಕೊಬ್ಬೂ ಕರಗಿ, ಜೀವಕೋಶಗಳು ಕಡಿಮೆಯಾಗಿ, ಆ ಜಾಗದಲ್ಲಿ ಲೋಳೆಯಂಥ ವಸ್ತು ತುಂಬಿಕೊಳ್ಳುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಇಳಿದರೆ ರೋಗನಿರೋಧಕ ಕೋಶಗಳೂ ಮಂಕಾಗುತ್ತವೆ. ಪ್ರೋಟೀನು, ಸತು, ಸಿ ಜೀವಸತ್ವ ಸಾಲದಿದ್ದರೆ ಗಾಯವೂ ಬೇಗ ಕೂಡುವುದಿಲ್ಲ. ಪೋಷಣೆ ಮರಳಿದಂತೆ ಮಜ್ಜೆ ಚೇತರಿಸಿಕೊಳ್ಳುತ್ತದೆ, ಬಿಳಿ ಕಣಗಳೂ ಸಾಮಾನ್ಯವಾಗಿ ಏರುತ್ತವೆ ಎಂಬುದನ್ನು ಅವಳಿಗೆ ದಯವಿಟ್ಟು ತಿಳಿಸಿ.

ಹಾಗೆಂದು ನಾಳೆಯೇ ತುಪ್ಪ ಸುರಿದು, ಹೋಳಿಗೆ ಬಡಿಸಿ ಒತ್ತಾಯ ಮಾಡಬೇಡಿ. ಬಹುಕಾಲ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಎಷ್ಟು, ಹೇಗೆ ಏರಿಸಬೇಕೆಂಬುದನ್ನು ರಕ್ತಪರೀಕ್ಷೆ ನೋಡುತ್ತ ವೈದ್ಯರೂ ಆಹಾರ ತಜ್ಞರೂ ನಿರ್ಧರಿಸಬೇಕು. ಮನೋವೈದ್ಯರ ನೆರವೂ ಬೇಕೇಬೇಕು, ಏಕೆಂದರೆ ಊಟ ಬಿಡಿಸುತ್ತಿರುವುದು ಹಟವಲ್ಲ, ಭಯ. ಮೊದಲು ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಅವಳಿಗೆ ವಿಪರೀತ ಸುಸ್ತು, ಉಸಿರಾಟದ ತೊಂದರೆ, ಮಂಪರು ಕಂಡರೆ, ಥರ್ಮಾಮೀಟರ್ ಏನೇ ತೋರಿಸಲಿ, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆ ಬೆರಳಿನ ಗಾಯವನ್ನು ಈ ವಾರವೇ ವೈದ್ಯರಿಗೆ ತೋರಿಸಿ. ಊಟದ ವಿಷಯವನ್ನೂ ಅವರಲ್ಲಿ ಮುಚ್ಚಿಡದೆ ಹೇಳಿ.