ನಾಯಿಯ ಪತ್ರ ಕೊಳ್ಳಲೇ ಎಂದು ಕೇಳಿದವರಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಎರಡು ತಿಂಗಳಾಯಿತು, ಆತಂಕದ ಕಾಯಿಲೆಗೆ ಶಿವಮೊಗ್ಗದಲ್ಲಿದ್ದಾಗಿನಿಂದಲೂ ಮಾತ್ರೆ ನಡೆದಿದೆ, ಅಮ್ಮನಿಗೂ ಹೇಳಿಲ್ಲ ಎಂದು ಬರೆದಿದ್ದೀರಿ. ಒಂದು ನಾಯಿ ಜೊತೆಗಿದ್ದರೆ ಜೀವ ಹಗುರಾದೀತು, ಆದರೆ ಅಪಾರ್ಟ್‌ಮೆಂಟಿನವರು ಪ್ರಾಣಿ ಬೇಡ ಎನ್ನುತ್ತಾರೆ. ಹಣ ಕಟ್ಟಿದರೆ ಹತ್ತು ನಿಮಿಷದಲ್ಲಿ ‘ಎಮೋಷನಲ್ ಸಪೋರ್ಟ್ ಅನಿಮಲ್’, ಅಂದರೆ ಮನಸ್ಸಿನ ಕಾಯಿಲೆಯವರಿಗೆ ಆಸರೆಯಾಗುವ ಪ್ರಾಣಿ, ಎಂಬ ಪ್ರಮಾಣಪತ್ರ ಕೊಡುವ ವೆಬ್‌ಸೈಟುಗಳಿವೆಯಲ್ಲ, ಕೊಳ್ಳಲೇ ಎಂದು ಕೇಳಿದ್ದೀರಿ.

ಕೊಳ್ಳಬೇಡಿ. ಇಂಥ ನಾಯಿಗಳಿಗೆ ಇಲ್ಲಿ ಸರ್ಕಾರದ ನೋಂದಣಿ ಎಂಬುದೇ ಇಲ್ಲ. ಗುರುತಿನ ಚೀಟಿ, ನಾಯಿಗೆ ತೊಡಿಸುವ ಅಂಗಿ, ಎಲ್ಲವೂ ಮಾರುವವರ ವ್ಯಾಪಾರ. ಬೇಕಾದದ್ದು ನಿಮ್ಮ ಕಾಯಿಲೆಗೆ ನಾಯಿಯ ಆಸರೆ ಬೇಕೆಂದು ಚಿಕಿತ್ಸೆ ಕೊಡುವವರು ಬರೆದ ಪತ್ರ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಆ ಪತ್ರ ಬರೆಯುವವರಿಗೆ ಇಲ್ಲಿನ ಲೈಸೆನ್ಸ್ ಇರಬೇಕು, ಅವರು ಕನಿಷ್ಠ 30 ದಿನಗಳಿಂದ ನಿಮ್ಮನ್ನು ನೋಡುತ್ತಿರಬೇಕು. ಶಿವಮೊಗ್ಗದ ವೈದ್ಯರ ಪತ್ರ ನಡೆಯುವುದಿಲ್ಲ. ಅವರ ಹಳೆಯ ಚೀಟಿಗಳನ್ನು ಮಾತ್ರ ತಪ್ಪದೆ ಇಲ್ಲಿನವರಿಗೆ ತೋರಿಸಿ. ಸರಿಯಾದ ಪತ್ರವಿದ್ದರೆ ಮನೆ ಬಾಡಿಗೆಯಲ್ಲಿ ತಾರತಮ್ಯ ತಡೆಯುವ ಕ್ಯಾಲಿಫೋರ್ನಿಯಾದ ಕಾನೂನು ನಿಮ್ಮ ಬೆನ್ನಿಗಿರುತ್ತದೆ. ನಾಯಿಯ ಹೆಸರಿನಲ್ಲಿ ಹೆಚ್ಚಿನ ಬಾಡಿಗೆ, ಠೇವಣಿ ಕೇಳುವಂತಿಲ್ಲ. ನಾಯಿ ಬಾಗಿಲು ಕಚ್ಚಿ ಹಾಳುಮಾಡಿದರೆ ದಂಡ ನಿಮ್ಮದೇ. ಅಂಗಡಿ, ಹೋಟೆಲುಗಳಲ್ಲಿ ಈ ಪತ್ರಕ್ಕೆ ಬೆಲೆಯಿಲ್ಲ, ಅಲ್ಲಿ ತರಬೇತಾದ ಸರ್ವಿಸ್ ನಾಯಿಗಳಿಗಷ್ಟೇ ಹಕ್ಕು. 2021ರ ಜನವರಿಯಿಂದ ವಿಮಾನದವರೂ ಸಾಮಾನ್ಯ ಸಾಕುಪ್ರಾಣಿ ಎಂದೇ ಎಣಿಸಬಹುದು. ಮನೆ ಮಾಲೀಕರಿಗೆ ಕೊಡುವ ಪತ್ರಕ್ಕೂ ವೀಸಾಕ್ಕೂ ಸಂಬಂಧವಿಲ್ಲ.

ನಾನು ಸಾಗರದ ಕಡೆಯಿಂದ 2013ರ ನವೆಂಬರಿನಲ್ಲಿ ಬಂದವಳು. ಇಲ್ಲಿ ಕೆಲಸಕ್ಕೆ ಬಂದವರ ಹೆಂಡತಿಗೆ ಸಿಗುವ ಎಚ್‌-4 ವೀಸಾ; ಆಗ ಕೆಲಸ ಮಾಡುವಂತಿರಲಿಲ್ಲ. ಗಂಡ ಕಚೇರಿಗೆ ಹೋದರೆ ಸಂಜೆಯವರೆಗೆ ಮನುಷ್ಯರ ದನಿಯಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸಲಾಗದೆ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟ ದಿನ ಅವರು ನನ್ನನ್ನು ವೈದ್ಯರ ಬಳಿ ಕರೆದೊಯ್ದರು. ಮಾತ್ರೆ, ವಾರಕ್ಕೊಮ್ಮೆ ಥೆರಪಿ, ಕೆಲವು ತಿಂಗಳ ನಂತರ ಪತ್ರ, ಆಮೇಲೆ ಅನಾಥ ನಾಯಿಗಳ ಶೆಲ್ಟರಿನಿಂದ ತಂದ ನಾಯಿ, ಕೆಂಪ. ಕೆಂಪ ಕಾಯಿಲೆ ವಾಸಿ ಮಾಡಲಿಲ್ಲ. ಬೆಳಿಗ್ಗೆ ಏಳಕ್ಕೆ ಹೊದಿಕೆಯ ಅಂಚು ಕಚ್ಚಿ ಎಳೆಯುತ್ತಿದ್ದ, ಅಷ್ಟೇ. ಅವನಿಗಾಗಿ ಚಪ್ಪಲಿ ಮೆಟ್ಟಿ ಬೀದಿಗಿಳಿಯಬೇಕಿತ್ತು. ನನ್ನ ಹೆಸರು ತಿಳಿಯದವರಿಗೂ ಕೆಂಪ ಗೊತ್ತಿದ್ದ.

2017ರಲ್ಲಿ ಅತ್ತೆ, ಮಾವ ಆರು ತಿಂಗಳಿಗೆ ಬಂದರು. ಅತ್ತೆಯ ಮಡಿ ಎಂಥದ್ದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾಯಿ ಏಕೆ ಎಂದು ಕೇಳಿದರೆ ಮಾತ್ರೆಯ ಸುದ್ದಿ ಹೊರಬರುತ್ತಿತ್ತು. ಕೆಂಪನನ್ನು ಗೆಳತಿಯ ಮನೆಯಲ್ಲಿ ಬಿಟ್ಟೆ. ಥೆರಪಿಯನ್ನೂ ಬಿಟ್ಟೆ, ಪ್ರತಿ ಗುರುವಾರ ಎಲ್ಲಿಗೆ ಎಂದರೆ ಏನು ಹೇಳಲಿ? ಅವರು ಹೊರಟ ಮೇಲೆ ಕರೆತರಲು ಹೋದೆ. ಕೆಂಪ ಬಾಗಿಲಿಗೆ ಬಂದ, ಬಾಲ ಆಡಿಸಿದ, ತಿರುಗಿ ಹೋಗಿ ಗೆಳತಿಯ ಮಗಳ ಕುರ್ಚಿಯ ಕೆಳಗೆ ಮಲಗಿದ. ಆ ಹುಡುಗಿಯ ಮುಖ ನೋಡಿ ಬರಿಗೈಯಲ್ಲಿ ವಾಪಸಾದೆ. ಮಾತ್ರೆಯ ಪ್ರಮಾಣವನ್ನು ಮತ್ತೆ ಏರಿಸಬೇಕಾಯಿತು.

2019ರಲ್ಲಿ ಊರಿಗೆ ಹೋದಾಗ ಅತ್ತೆಯ ನಾಯಿಯನ್ನು ಕೊಟ್ಟಿಗೆಯ ಕಂಬಕ್ಕೆ ನೀಲಿ ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ಕೆಂಪನ ಹಗ್ಗ. ನಾನು ಕಪಾಟಿನಲ್ಲಿ ಅಡಗಿಸಿದ್ದನ್ನು ಹೊರಡುವ ದಿನ ಸೂಟ್‌ಕೇಸಿಗೆ ಬಿಗಿದು ತಂದಿದ್ದರು. “ನಾಯಿಯ ಹಗ್ಗವೆಂದು ನನಗೆ ಗೊತ್ತಾಗುವುದಿಲ್ಲವೇ? ನೀನಾಗಿ ಹೇಳುತ್ತೀಯೆಂದು ಆರು ತಿಂಗಳು ಕಾದೆ” ಎಂದರು.

30 ದಿನ ಕಾಯುವ ನಡುವೆ ಯಾವ ರಾತ್ರಿಯಾದರೂ ತಡೆಯಲಾಗದಂತಾದರೆ ಇಲ್ಲಿನ ಮಾನಸಿಕ ಸಂಕಟದ ಸಹಾಯವಾಣಿ 988ಕ್ಕೆ ಕರೆ ಮಾಡಿ, ಹಗಲಿರುಳೂ ಎತ್ತುತ್ತಾರೆ. ಪತ್ರ ಬಂದ ಮೇಲೆ ಮಾಲೀಕರಿಗೆ ಬರಹದಲ್ಲೇ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಅಮ್ಮನಿಗೆ ಈ ಭಾನುವಾರವೇ ಫೋನ್ ಮಾಡಿ. ಅವರು ಬೈದರೆ ನನ್ನ ನಂಬರ್ ಕೊಡಿ, ನಾನು ಮಾತನಾಡುತ್ತೇನೆ.