ಗೇಣಿ ಕೊಡದ ಊರು

ಮಾನ್ಯರೇ,

ಮಗಳು ಡಬ್ಲಿನ್‌ನಲ್ಲಿದ್ದಾಳೆ ಎಂದು ಬರೆದಿದ್ದೀರಿ. ಐರ್ಲೆಂಡಿನ ಆಲೂಗಡ್ಡೆ ಕ್ಷಾಮದ ಬಗ್ಗೆ ಏನು ಓದಿದರೂ ಹತ್ತು ಲಕ್ಷ ಸಾವು, ಹತ್ತು ಲಕ್ಷ ವಲಸೆ ಎಂಬ ಲೆಕ್ಕವೇ ಸಿಗುತ್ತದೆ, ಒಂದೇ ಒಂದು ಊರಿನ ಕಥೆ ಹೇಳಿ ಎಂದು ಕೇಳಿದ್ದೀರಿ. ನಾನು ಬ್ಯಾಲಿಕಿಲ್‌ಕ್ಲೈನ್ ಬಗ್ಗೆ ಹೇಳುತ್ತೇನೆ.

ಐರ್ಲೆಂಡಿನಲ್ಲಿ ಟೌನ್‌ಲ್ಯಾಂಡ್ ಎಂದರೆ ಪಟ್ಟಣವಲ್ಲ. ನಮ್ಮ ಮಜರೆಯ ಹಾಗೆ, ಕೆಲವೇ ಮನೆ ಮತ್ತು ಸುತ್ತಲ ಹೊಲ. ಇಂಥವು ಐರ್ಲೆಂಡ್ ದ್ವೀಪದಲ್ಲಿ 60,000ಕ್ಕೂ ಜಾಸ್ತಿ ಇವೆ. ರೋಸ್‌ಕಾಮನ್ ಜಿಲ್ಲೆಯ ಬ್ಯಾಲಿಕಿಲ್‌ಕ್ಲೈನ್ ಅವುಗಳಲ್ಲೊಂದು. ಸುಮಾರು 600 ಎಕರೆ, ಸುಮಾರು 500 ಜನ. ಜಮೀನು ಬ್ರಿಟಿಷ್ ರಾಜಸತ್ತೆಯದು, ಅಂದರೆ ಸರ್ಕಾರದ್ದು. ಪಕ್ಕದ ಸ್ಟ್ರೋಕ್ಸ್‌ಟೌನಿನ ಮಹೋನ್ ಜಮೀನ್ದಾರರು ಅದನ್ನು ಗುತ್ತಿಗೆ ಹಿಡಿದಿದ್ದರು. 1834ರಲ್ಲಿ ಗುತ್ತಿಗೆ ಮುಗಿಯಿತು. ಸರ್ಕಾರವೇ ನೇರವಾಗಿ ಗೇಣಿ ವಸೂಲಿಗೆ ಬಂತು. ಸ್ವಲ್ಪ ದಿನಕ್ಕೇ ಒಕ್ಕಲುಗಳು ಕೊಡುವುದಿಲ್ಲ ಎಂದುಬಿಟ್ಟರು.

ಹಟ ಹತ್ತು ವರ್ಷಕ್ಕೂ ಮೀರಿ ನಡೆಯಿತು. ನೋಟಿಸು ತಂದವರನ್ನು ಅಡ್ಡಗಟ್ಟಿದರು. ಅರ್ಜಿ ಮೇಲೆ ಅರ್ಜಿ ಬರೆಸಿದರು. ವಕೀಲರನ್ನೂ ಹಿಡಿದರು. ಇವರನ್ನು ಬರೀ ಬಡಪಾಯಿಗಳು ಎಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ಅಲ್ಲಿ ಮಣ್ಣು ಅಗೆದ ಪುರಾತತ್ವಜ್ಞರಿಗೆ ಇಂಗ್ಲೆಂಡಿನಲ್ಲಿ ತಯಾರಾದ ಚಿತ್ತಾರದ ತಟ್ಟೆ, ಬಟ್ಟಲುಗಳ ಚೂರು ಸಿಕ್ಕಿವೆ. ಗೇಣಿ ನಿಲ್ಲಿಸಿದ ಮನೆಗಳಲ್ಲಿ ಚಂದದ ಸಾಮಾನಿಗೂ ಆಸೆಯಿತ್ತು, ಅದನ್ನು ಕೊಳ್ಳುವ ಶಕ್ತಿಯೂ ಅಷ್ಟಿಷ್ಟು ಇತ್ತು.

1845ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಹೊಟ್ಟೆಗಿಲ್ಲದ ಜನ ಎಷ್ಟು ದಿನ ಹಟ ಹಿಡಿದಾರು? 1847 ಮತ್ತು 1848ರಲ್ಲಿ ಸರ್ಕಾರ ಎಲ್ಲರನ್ನೂ ಒಕ್ಕಲೆಬ್ಬಿಸಿತು. ನ್ಯೂಯಾರ್ಕಿಗೆ ಹಡಗಿನ ಖರ್ಚು ತಾನೇ ಕೊಟ್ಟಿತು. ಮನೆಗಳನ್ನು ಕೆಡವಿಸಿತು. ಹೋದವರಲ್ಲಿ ಹಲವರು ಅಮೆರಿಕದ ವರ್ಮಾಂಟ್ ರಾಜ್ಯದ ರಟ್ಲೆಂಡ್ ಊರು ಸೇರಿದರು. ಅಲ್ಲಿ ಅಮೃತಶಿಲೆಯ ಕ್ವಾರಿಗಳಿದ್ದವು.

ಅದೇ 1847ರಲ್ಲಿ ಪಕ್ಕದ ಜಮೀನ್ದಾರ ಡೆನಿಸ್ ಮಹೋನ್ ತನ್ನ ಒಕ್ಕಲುಗಳನ್ನು ಕೆನಡಾಕ್ಕೆ ಸಾಗಹಾಕಿದ. ದಾರಿಯಲ್ಲೇ ಸತ್ತವರು ಬಹಳ. ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ಕ್ಷಾಮದಲ್ಲಿ ಅಳಿಸಿಹೋದ ಎಷ್ಟೋ ಸಣ್ಣ ಊರುಗಳಲ್ಲಿ ಯಾರಿದ್ದರು ಎಂದು ಹೇಳುವ ಒಂದು ಚೀಟಿಯೂ ಇಲ್ಲ. ಬ್ಯಾಲಿಕಿಲ್‌ಕ್ಲೈನ್‌ನವರ ಹೆಸರು ಉಳಿದದ್ದು ಅವರು ಎದುರು ನಿಂತದ್ದರಿಂದ. ಸರ್ಕಾರ ಅವರ ಮೇಲೆ ಕಡತ ತೆರೆಯಿತು. ಯಾರ ಮನೆ, ಎಷ್ಟು ಜಮೀನು, ಎಷ್ಟು ಬಾಕಿ, ಎಲ್ಲ ಬರೆದಿಟ್ಟಿತು. ನೀವು ಕೇಳಿದ ಕ್ಷಾಮದ ಮುಖ ಇಲ್ಲಿ ಕಾಣುತ್ತದೆ ಅಂತ ನನಗನಿಸುತ್ತದೆ. ಅಮೆರಿಕದಲ್ಲಿರುವ ಅವರ ವಂಶದವರು ಈ ದಾಖಲೆ ಹಿಡಿದೇ ತಮ್ಮ ಬೇರು ಹುಡುಕಿಕೊಂಡಿದ್ದಾರೆ.

ಮಗಳಿಗೆ ಬಿಡುವಾದರೆ ಸ್ಟ್ರೋಕ್ಸ್‌ಟೌನಿಗೆ ಹೋಗಲು ಹೇಳಿ. ಮಹೋನ್‌ರ ಬಂಗಲೆಯ ಆವರಣದಲ್ಲಿ 1994ರಿಂದ ರಾಷ್ಟ್ರೀಯ ಕ್ಷಾಮ ಮ್ಯೂಸಿಯಂ ಇದೆ. ಮಹೋನ್‌ರ ಒಕ್ಕಲುಗಳು ಬರೆಸಿದ ಅರ್ಜಿಗಳೂ ಆ ಮನೆಯ ಕಾಗದಪತ್ರಗಳಲ್ಲಿ ಸಿಕ್ಕಿವೆ. ಮೊದಲು ಅವನ್ನು ಓದಲಿ, ಬಂಗಲೆ ಆಮೇಲೆ ನೋಡಲಿ.

ಸಂಪಾದಕ