ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಟ್ಸ್‌ಆ್ಯಪ್‌ಗೆ ಬರುವ ಲಿಂಕು, ಫೋನಿನಲ್ಲಿರುವ ಬ್ರೌಸರು

ಕೊಡಗಿನ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ಲಿಂಕುಗಳದ್ದೇ ಕಾಟ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಕಾಫಿ, ಕಾಳುಮೆಣಸಿನ ದರ ಹಾಕುವ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಬೆಳೆಗಾರರಿಗೆ ಸಬ್ಸಿಡಿ, ಇಂದೇ ಕೊನೆಯ ದಿನ’ ಎಂದು ಲಿಂಕ್ ಬಂದಿತ್ತು. ಕಳಿಸಿದ್ದು ಗುರುತಿನವರ ನಂಬರ್, ಮೇಲೆ ಸರ್ಕಾರದ ಲಾಂಛನ. ಒತ್ತುವ ಮೊದಲೇ ಅಸಲಿಯೋ ನಕಲಿಯೋ ತಿಳಿಯಬಹುದೇ?
– ಬೆಳೆಗಾರರು, ಸುಂಟಿಕೊಪ್ಪ

ಬಹುತೇಕ ತಿಳಿಯಬಹುದು. ಆದರೆ ನೀವು ನೋಡಿದ ಎರಡು ಗುರುತುಗಳೂ ಉಪಯೋಗಕ್ಕೆ ಬರುವುದಿಲ್ಲ. ಲಿಂಕಿನ ಜೊತೆ ಕಾಣುವ ಚಿತ್ರ, ಶೀರ್ಷಿಕೆ ಎರಡೂ ಆ ವೆಬ್‌ಸೈಟೇ ಕೊಟ್ಟವು. ಅಲ್ಲಿ ಯಾವ ಲಾಂಛನ ಬೇಕಾದರೂ ಅಂಟಿಸಬಹುದು. ಇನ್ನು ಗುರುತಿನ ನಂಬರ್ ಎಂದರೆ ಗುರುತಿನವರೇ ಕಳಿಸಿದ್ದೆಂದು ಅರ್ಥವಲ್ಲ. ಒಬ್ಬರ ವಾಟ್ಸ್‌ಆ್ಯಪ್ ಕಳ್ಳರ ಕೈಗೆ ಸಿಕ್ಕರೆ ಮೊದಲು ಲಿಂಕ್ ಹೋಗುವುದೇ ಅವರ ಗ್ರೂಪುಗಳಿಗೆ. ಅನುಮಾನ ಬಂದರೆ ಅವರಿಗೆ ಮೆಸೇಜ್ ಮಾಡಿ ಕೇಳಬೇಡಿ, ‘ಹೌದು, ನಾನೇ ಕಳಿಸಿದ್ದು’ ಎಂದು ಕಳ್ಳನೇ ಉತ್ತರ ಕೊಡುತ್ತಾನೆ. ಮಾಮೂಲಿ ಕಾಲ್ ಮಾಡಿ.

ನೋಡಬೇಕಾದದ್ದು ವಿಳಾಸವನ್ನು. ಆರಂಭದ ಎರಡು ಅಡ್ಡಗೆರೆಗಳ (//) ನಂತರ ಶುರುವಾಗಿ ಮುಂದಿನ ಒಂಟಿ ಅಡ್ಡಗೆರೆಯವರೆಗಿನ (/) ಭಾಗವನ್ನು ಮಾತ್ರ ತೆಗೆದುಕೊಳ್ಳಿ, ಅದನ್ನು ಬಲದಿಂದ ಎಡಕ್ಕೆ ಓದಿ. ಮನೆಗೆ ‘ವಿಧಾನಸೌಧ’ ಎಂದು ಯಾರು ಬೇಕಾದರೂ ಹೆಸರಿಡಬಹುದು. ಕಾಗದ ಹೋಗುವುದು ಕೊನೆಯಲ್ಲಿರುವ 571201 ನೋಡಿ ಮಡಿಕೇರಿಗೇ. ಇದೂ ಹಾಗೆ. ‘ಕಾಫಿ.ಗವ್.ಇನ್.ಸಬ್ಸಿಡಿಫಾರ್ಮ್.ಟಾಪ್’ ಎಂಬ ವಿಳಾಸದಲ್ಲಿ ‘ಗವ್.ಇನ್’ ಇದ್ದರೂ ಅದರ ಒಡೆಯ ‘ಸಬ್ಸಿಡಿಫಾರ್ಮ್.ಟಾಪ್’. ಡಾಟ್ ಬದಲು ಗೆರೆ ಹಾಕಿ ‘ಗವ್-ಇನ್’ ಎಂದು ಬರೆದಿದ್ದರೂ ಅದು ಸರ್ಕಾರದ್ದಲ್ಲ. ಕೇಂದ್ರ, ರಾಜ್ಯ ಸರ್ಕಾರಗಳ ತಾಣಗಳು ಸಾಮಾನ್ಯವಾಗಿ ‘ಡಾಟ್ ಗವ್ ಡಾಟ್ ಇನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತವೆ. ಬ್ಯಾಂಕುಗಳಿಗೂ ಈಗ ಪ್ರತ್ಯೇಕ ಗುರುತು ಬಂದಿದೆ: 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ನಿಮ್ಮ ಬ್ಯಾಂಕಿನ ಹೊಸ ವಿಳಾಸವನ್ನು ಒಮ್ಮೆ ಶಾಖೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಚಿಕ್ಕದಾಗಿಸಿದ ಲಿಂಕುಗಳಲ್ಲಿ ಒಡೆಯ ಯಾರೆಂದು ಕಾಣುವುದೇ ಇಲ್ಲ. ಸಬ್ಸಿಡಿ, ಬ್ಯಾಂಕು, ವಿದ್ಯುತ್ ಬಿಲ್ಲಿನ ವಿಷಯದಲ್ಲಿ ಅಂಥದ್ದು ಬಂದರೆ ತೆರೆಯಬೇಡಿ. ಬೀಗದ ಚಿಹ್ನೆಯನ್ನೂ ನಂಬಬೇಡಿ. ನಿಮ್ಮ ಮತ್ತು ತಾಣದ ನಡುವಿನ ಮಾತು ಬೇರೆಯವರಿಗೆ ಕೇಳಿಸದು ಎಂದಷ್ಟೇ ಅದು ಹೇಳುತ್ತದೆ, ತಾಣದವನು ಕಳ್ಳನಲ್ಲ ಎಂದು ಹೇಳುವುದಿಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಚಿಹ್ನೆಯನ್ನು ತೆಗೆದು ಬೇರೆ ಗುರುತು ಹಾಕಿತು. ಸಬ್ಸಿಡಿ ನಿಜವಾಗಿದ್ದರೆ ಕಾಫಿ ಮಂಡಳಿಯ ಸಂಪರ್ಕ ಕಚೇರಿಯಲ್ಲೂ ಅದರ ಸುದ್ದಿ ಇದ್ದೇ ಇರುತ್ತದೆ.

ಪಿಕಪ್ ಗಾಡಿಗೆ ಚಲನ್ ಬಿದ್ದಿದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೈಲ್ ಬಂತು. ಹೆಸರಿನ ಕೊನೆಗೆ ಎಪಿಕೆ ಎಂದಿತ್ತು. ಮಗ ಅದನ್ನು ಇನ್‌ಸ್ಟಾಲ್ ಮಾಡಿಬಿಟ್ಟಿದ್ದಾನೆ, ಈಗ ಐಕಾನೇ ಕಾಣುತ್ತಿಲ್ಲ. ಏನು ಮಾಡುವುದು?
– ಕುಶಾಲನಗರದ ಓದುಗರು

ಇದನ್ನು ಓದುತ್ತಿರುವಾಗಲೂ ಆ ಫೋನ್‌ಗೆ ನೆಟ್ ಇದ್ದರೆ ಮೊದಲು ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ.

ಎಪಿಕೆ ಎಂದರೆ ಆಂಡ್ರಾಯ್ಡ್ ಆ್ಯಪ್‌ನ ಫೈಲ್. ಅದು ಚಲನ್ನೂ ಅಲ್ಲ, ಮದುವೆಯ ಕರೆಯೋಲೆಯೂ ಅಲ್ಲ. ಇನ್‌ಸ್ಟಾಲ್ ಆಗುತ್ತಿದ್ದಂತೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ, ಸಿಕ್ಕರೆ ಬ್ಯಾಂಕಿನಿಂದ ಬರುವ ಒಟಿಪಿಗಳೆಲ್ಲ ಕಳ್ಳನಿಗೆ ರವಾನೆಯಾಗುತ್ತವೆ. ‘ಆ್ಯಕ್ಸೆಸಿಬಿಲಿಟಿ’ ಅನುಮತಿಯನ್ನೂ ಕೊಟ್ಟಿದ್ದರೆ ಪರದೆಯಲ್ಲಿ ಕಾಣುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಆ ಬಳಿಕ ಐಕಾನ್ ಅಡಗಿಸಿಕೊಳ್ಳುತ್ತದೆ. ಆ್ಯಪ್ ಹೋಯಿತೆಂದು ನೀವು ಸುಮ್ಮನಾಗಲಿ ಎಂಬುದೇ ಅದರ ಉದ್ದೇಶ.

ನೆಟ್ ಆಫ್ ಮಾಡಿದ ನಂತರ ಬೇರೆ ಫೋನಿನಿಂದ ಬ್ಯಾಂಕಿಗೆ ಕಾಲ್ ಮಾಡಿ ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ಮೂರನ್ನೂ ತಡೆಹಿಡಿಸಿ. ನಂಬರನ್ನು ಪಾಸ್‌ಬುಕ್‌ನಿಂದಲೋ ಕಾರ್ಡಿನ ಹಿಂಬದಿಯಿಂದಲೋ ನೋಡಿಕೊಳ್ಳಿ, ಗೂಗಲ್‌ನಲ್ಲಿ ಹುಡುಕಬೇಡಿ. ನಕಲಿ ಕಸ್ಟಮರ್ ಕೇರ್ ನಂಬರುಗಳು ಜಾಹೀರಾತಿನ ರೂಪದಲ್ಲಿ ಮೇಲೆಯೇ ಕೂತಿರುತ್ತವೆ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಎಷ್ಟು ಹಣ, ಯಾವ ಖಾತೆ, ಎಷ್ಟು ಹೊತ್ತಿಗೆ ಹೋಯಿತು ಮತ್ತು ಯುಪಿಐ ಆಗಿದ್ದರೆ ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಕೈಯಲ್ಲಿರಲಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅಲ್ಲೇ ತಡೆಯಲು ಸಾಧ್ಯ. ಕೈಯಿಂದ ಕೈಗೆ ದಾಟಿ ಎಟಿಎಂನಿಂದ ಹೊರಬಿದ್ದ ಮೇಲೆ ಕಷ್ಟ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು, ಸೈಬರ್ ಅಪರಾಧ ನೋಡಿಕೊಳ್ಳುವ ಮಡಿಕೇರಿಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು.

ಫೋನ್ ತೊಳೆಯುವ ಕೆಲಸ ಆಮೇಲೆ. ಪವರ್ ಬಟನ್ ಒತ್ತಿ ಹಿಡಿದು, ಕಾಣುವ ‘ಪವರ್ ಆಫ್’ ಅನ್ನೂ ಬೆರಳಿನಿಂದ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ‘ಸೇಫ್ ಮೋಡ್’ ಬರುತ್ತದೆ. ಅದರಲ್ಲಿ ಹೊರಗಿನ ಆ್ಯಪ್‌ಗಳು ಓಡುವುದಿಲ್ಲ. ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯಲ್ಲಿ ಐಕಾನ್ ಇಲ್ಲದ, ಹೆಸರೇ ಇಲ್ಲದ, ಅಥವಾ ಆ ದಿನವೇ ಬಂದ ಆ್ಯಪ್ ಹುಡುಕಿ ಅನ್‌ಇನ್‌ಸ್ಟಾಲ್ ಮಾಡಿ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಅದು ಫೋನಿನ ಮೇಲೆ ಹೆಚ್ಚಿನ ಅಧಿಕಾರವಿರುವ ‘ಡಿವೈಸ್ ಅಡ್ಮಿನ್’ ಆಗಿ ಕೂತಿದೆ ಎಂದರ್ಥ. ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನೇ ಹುಡುಕಿ ಮೊದಲು ಅಲ್ಲಿಂದ ಇಳಿಸಿ. ಕಾಲ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಯಾವುದೋ ನಂಬರಿಗೆ ತಿರುಗಿದೆಯೇ ನೋಡಿ. ಆದರೆ ಎಸ್‌ಎಂಎಸ್ ಜೊತೆ ಆ್ಯಕ್ಸೆಸಿಬಿಲಿಟಿಯನ್ನೂ ಕೊಟ್ಟಿದ್ದರೆ ನಮ್ಮ ಸಲಹೆ ಒಂದೇ: ಫೋಟೊಗಳನ್ನು ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಬಿಡಿ. ಎರಡು ಗಂಟೆಯ ಕೆಲಸ ಎಂದು ಹಿಂಜರಿದವರೇ ಮತ್ತೆ ಹಣ ಕಳೆದುಕೊಳ್ಳುವುದು. ಪಾಸ್‌ವರ್ಡ್ ಬದಲಾವಣೆ ಬೇರೆ ಫೋನಿನಲ್ಲಿ ನಡೆಯಲಿ.

ಮುಂದೆ ಹೀಗಾಗದಂತೆ ಸೆಟ್ಟಿಂಗ್ಸ್, ಆ್ಯಪ್ಸ್, ‘ಸ್ಪೆಷಲ್ ಆ್ಯಪ್ ಆ್ಯಕ್ಸೆಸ್’, ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಇಲ್ಲಿಗೆ ಹೋಗಿ ವಾಟ್ಸ್‌ಆ್ಯಪ್, ಬ್ರೌಸರ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆದುಹಾಕಿ. ಚಲನ್ ನೋಡಲು ಯಾವ ಆ್ಯಪೂ ಬೇಕಿಲ್ಲ. ಬ್ರೌಸರ್‌ನಲ್ಲಿ ಸರ್ಕಾರದ ಪರಿವಾಹನ್ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಗಾಡಿ ನಂಬರ್ ಮತ್ತು ಅದು ಕೇಳುವ ಇತರ ವಿವರ ಕೊಟ್ಟರೆ ಸಾಕು. ಸರ್ಕಾರಿ ಎಸ್‌ಎಂಎಸ್‌ಗಳಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಗೆರೆ ಹಾಕಿ ‘ಜಿ’ ಅಕ್ಷರ ಇರುತ್ತದೆ. ಹತ್ತಂಕಿಯ ಮೊಬೈಲ್ ನಂಬರಿನಿಂದ ಚಲನ್ ಬರುವುದಿಲ್ಲ.

ಕಳೆದ ಹಣದ ಹೊಣೆ ಯಾರದು ಎಂದೂ ಕೇಳಿದ್ದೀರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ನಿಮ್ಮ ಅಜಾಗ್ರತೆಯಿಂದ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ಕಾಲ್ ಮಾಡಿದ ಹೊತ್ತು, ಬ್ಯಾಂಕ್ ಕೊಟ್ಟ ದೂರಿನ ಸಂಖ್ಯೆ ಎರಡನ್ನೂ ಬರೆದಿಡಿ.

ನಮ್ಮದು ಹೋಂಸ್ಟೇ. ‘ಅತಿಥಿಯ ದೂರು, ಫೋಟೊ ನೋಡಿ’ ಎಂಬ ಲಿಂಕನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದೆವು. ‘ನಾನು ರೋಬೋಟ್ ಅಲ್ಲ’ ಪರೀಕ್ಷೆ ಬಂತು. ಅದಕ್ಕಾಗಿ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ, ಕೊನೆಗೆ ಎಂಟರ್ ಒತ್ತಿ ಎಂದಿತು. ಇದು ಸರಿಯೇ?
– ಮಡಿಕೇರಿಯಿಂದ

ಖಂಡಿತ ಅಲ್ಲ. ಯಾವ ನಿಜವಾದ ಪರೀಕ್ಷೆಯೂ ಬ್ರೌಸರ್‌ನಿಂದ ಹೊರಗೆ ಕೀ ಒತ್ತಿಸುವುದಿಲ್ಲ. ‘ರೋಬೋಟ್ ಅಲ್ಲ’ ಚೌಕದ ಮೇಲೆ ಕ್ಲಿಕ್ ಮಾಡಿದ ಕ್ಷಣದಲ್ಲೇ ಪುಟವು ಒಂದು ಆಜ್ಞೆಯನ್ನು ನಿಮಗೆ ತಿಳಿಯದಂತೆ ಕಾಪಿ ಮಾಡಿಟ್ಟಿರುತ್ತದೆ. ಮೊದಲ ಜೋಡಿ ಕೀ ‘ರನ್’ ಕಿಟಕಿ ತೆರೆಯುತ್ತದೆ, ಎರಡನೆಯದು ಆ ಆಜ್ಞೆಯನ್ನು ಅಲ್ಲಿ ಅಂಟಿಸುತ್ತದೆ, ಎಂಟರ್ ಒತ್ತಿದರೆ ಅದು ಕಳ್ಳ ಸಾಫ್ಟ್‌ವೇರನ್ನು ಇಳಿಸಿಕೊಂಡು ಓಡಿಸುತ್ತದೆ. ಕೆಲಸ ಮಾಡಿದ್ದು ನಿಮ್ಮದೇ ಕೈ, ಹಾಗಾಗಿ ಬ್ರೌಸರ್ ತಡೆಯುವುದಿಲ್ಲ. ಬುಕಿಂಗ್ ಮೇಲೆಯೇ ಬದುಕುವವರು ಅತಿಥಿಯ ದೂರೆಂದರೆ ಬೆಚ್ಚಿ ಬೇಗ ತೆರೆಯುತ್ತಾರೆ ಎಂಬ ಲೆಕ್ಕದಲ್ಲೇ ಈ ಬಲೆ ಹೆಣೆದಿರುವುದು.

ಎಂಟರ್ ಒತ್ತಿರದಿದ್ದರೆ ಪುಟ ಮುಚ್ಚಿ, ಅಷ್ಟೇ. ಒತ್ತಿದ್ದರೆ ವೈಫೈ ತೆಗೆಯಿರಿ. ಬೇರೆ ಸಾಧನದಿಂದ ಇಮೇಲ್, ಬುಕಿಂಗ್ ಖಾತೆ, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಜೊತೆಗೆ ‘ಎಲ್ಲ ಸಾಧನಗಳಿಂದ ಲಾಗ್ ಔಟ್’ ಕೂಡ ಒತ್ತಿ. ಇದನ್ನು ಮರೆಯುವವರು ಬಹಳ. ಈ ಸಾಫ್ಟ್‌ವೇರುಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ನ ಜೊತೆ ಕುಕಿಗಳನ್ನೂ (ನೀವು ಲಾಗಿನ್ ಆಗಿರುವುದನ್ನು ತಾಣಕ್ಕೆ ನೆನಪಿಸುವ ಪುಟ್ಟ ಫೈಲುಗಳು) ಕದಿಯುತ್ತವೆ. ಕುಕಿ ಇದ್ದರೆ ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು. ಆಂಟಿವೈರಸ್ ಓಡಿಸಿ ಸಮಾಧಾನಪಡುವುದಕ್ಕಿಂತ ವಿಂಡೋಸ್ ಹೊಸದಾಗಿ ಹಾಕಿಸುವುದು ಒಳ್ಳೆಯದು.

ನಮ್ಮಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಹೆಸರಿಗಷ್ಟೇ. ಅದಕ್ಕೇ ಒಪೆರಾ ಮಿನಿ ಬಳಸುತ್ತೇನೆ. ಕ್ರೋಮೇ ಒಳ್ಳೆಯದೆಂದು ಯಜಮಾನರು, ಬ್ರೇವ್ ಎಂದು ಮಗಳು. ಯಾವುದು ಸುರಕ್ಷಿತ?
– ಗೃಹಿಣಿ, ನಾಪೋಕ್ಲು

ಹೆಸರಿಗಿಂತ ಮೊದಲು ಅಪ್‌ಡೇಟ್ ನೋಡಿ. ಅಪ್‌ಡೇಟ್ ಆದ ಸಾಧಾರಣ ಬ್ರೌಸರ್, ಅಪ್‌ಡೇಟ್ ನಿಂತ ಒಳ್ಳೆಯ ಬ್ರೌಸರ್‌ಗಿಂತ ಮೇಲು. ಆಂಡ್ರಾಯ್ಡ್ 8 ಮತ್ತು 9ರ ಫೋನುಗಳಿಗೆ ಕ್ರೋಮ್ 138ನೇ ಆವೃತ್ತಿಯೇ ಕೊನೆ, ವಿಂಡೋಸ್ 7ಕ್ಕೆ 109. ಅಂಥ ಸಾಧನದಲ್ಲಿ ಬ್ಯಾಂಕ್ ವ್ಯವಹಾರ ಬೇಡ. ಪ್ಲೇ ಸ್ಟೋರ್‌ನಲ್ಲಿ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎಂಬುದನ್ನೂ ಅಪ್‌ಡೇಟ್ ಮಾಡಿ. ಬೇರೆ ಆ್ಯಪ್‌ಗಳು ತಮ್ಮೊಳಗೇ ಪುಟ ತೋರಿಸುವುದು ಅದರ ಮೂಲಕ.

ಒಪೆರಾ ಮಿನಿ ಡೇಟಾ ಉಳಿಸುವುದು ನಿಜ. ಹೆಚ್ಚು ಉಳಿಸುವ ಮೋಡ್‌ನಲ್ಲಿ ಪುಟ ಮೊದಲು ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿ ಬಿಚ್ಚಿಕೊಂಡು ಕುಗ್ಗಿ ನಿಮಗೆ ಬರುತ್ತದೆ. ಸುದ್ದಿ, ಹವಾಮಾನ ಓದಲು ತೊಂದರೆಯಿಲ್ಲ. ಪಾಸ್‌ವರ್ಡ್ ಹಾಕುವ ಕಡೆ ಬೇಡ.

ಯಜಮಾನರ ಮಾತೂ ಸರಿ, ಆದರೆ ಕ್ರೋಮ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿ: ಮೂರು ಚುಕ್ಕೆ, ಸೆಟ್ಟಿಂಗ್ಸ್, ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ‘ಸೇಫ್ ಬ್ರೌಸಿಂಗ್’, ಅಲ್ಲಿ ‘ಎನ್‌ಹ್ಯಾನ್ಸ್ಡ್ ಪ್ರೊಟೆಕ್ಷನ್’. ನಿನ್ನೆಯಷ್ಟೇ ಹುಟ್ಟಿದ ನಕಲಿ ತಾಣಗಳನ್ನು ಹಿಡಿಯುವುದರಲ್ಲಿ ಇದು ಮಾಮೂಲಿ ಮೋಡ್‌ಗಿಂತ ಚುರುಕು. ಪ್ರತಿಯಾಗಿ ನೀವು ನೋಡುವ ವಿಳಾಸಗಳ ಹೆಚ್ಚಿನ ಮಾಹಿತಿ ಗೂಗಲ್‌ಗೆ ಹೋಗುತ್ತದೆ. ಆಂಡ್ರಾಯ್ಡ್‌ನ ಕ್ರೋಮ್‌ಗೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಲು ಬಾರದು, ಅದೇ ಅದರ ದೊಡ್ಡ ಕೊರತೆ. ನಕಲಿ ‘ಡೌನ್‌ಲೋಡ್’ ಬಟನ್‌ಗಳು ಬರುವುದೇ ಜಾಹೀರಾತಿನ ವೇಷದಲ್ಲಿ. ಬ್ರೇವ್‌ನಲ್ಲಿ ತಡೆ ಮೊದಲೇ ಇರುತ್ತದೆ. ಫೈರ್‌ಫಾಕ್ಸ್‌ಗೆ ‘ಯುಬ್ಲಾಕ್ ಒರಿಜಿನ್’ ಎಂಬ ಅಂಥ ಎಕ್ಸ್‌ಟೆನ್ಷನ್ ಸೇರಿಸಬಹುದು. ಜಾಹೀರಾತು ಇಳಿಯದಿದ್ದರೆ ಡೇಟಾವೂ ಉಳಿಯುತ್ತದೆ, ನಾಪೋಕ್ಲಿನ ನೆಟ್‌ವರ್ಕ್‌ಗೆ ಅದೂ ಒಂದು ಲಾಭ. ಹಾಗಾಗಿ ನಾವು ಮಗಳ ಪಕ್ಷ. ಬ್ಯಾಂಕಿಗೆ ಮಾತ್ರ ಬ್ಯಾಂಕಿನದೇ ಆ್ಯಪ್, ಅದೂ ಪ್ಲೇ ಸ್ಟೋರ್‌ನದು.

ಹಳೆಯ ಫೋನುಗಳಲ್ಲಿ ಯುಸಿ ಬ್ರೌಸರ್ ಇನ್ನೂ ಉಳಿದಿದ್ದರೆ ತೆಗೆಯಿರಿ. 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

‘ನಿಮ್ಮ ಫೋನಿನಲ್ಲಿ 5 ವೈರಸ್ ಇದೆ’ ಎಂದು ದಿನವಿಡೀ ನೋಟಿಫಿಕೇಷನ್ ಬರುತ್ತದೆ.
– ವಿದ್ಯಾರ್ಥಿನಿ, ಗೋಣಿಕೊಪ್ಪಲು

ವೈರಸ್ ಇರುವ ಸಂಭವ ಕಡಿಮೆ. ಯಾವುದೋ ಸಿನಿಮಾ, ಕ್ರಿಕೆಟ್ ತಾಣದಲ್ಲಿ ‘ಅಲೋ’ ಒತ್ತಿದ್ದೀರಿ, ಆ ತಾಣವೇ ಇದನ್ನು ಕಳಿಸುತ್ತಿದೆ. ನೋಟಿಫಿಕೇಷನ್ ತೆರೆಯಬೇಡಿ. ಕ್ರೋಮ್‌ನ ಸೆಟ್ಟಿಂಗ್ಸ್, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’ನಲ್ಲಿ ಗುರುತಿಲ್ಲದ ತಾಣಗಳನ್ನು ಬ್ಲಾಕ್ ಮಾಡಿ.

‘ನಿನ್ನ ಫೋಟೊ ಇಲ್ಲಿದೆ ನೋಡು’ ಎಂದು ಗೆಳತಿಯಿಂದ ಲಿಂಕ್ ಬಂತು. ತೆರೆದರೆ ಫೋನ್ ನಂಬರ್ ಕೇಳಿತು, ಆಮೇಲೆ ಎಂಟು ಅಕ್ಷರದ ಕೋಡ್ ತೋರಿಸಿ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕು ಎಂದಿತು. ಹಾಕಿದೆ. ಫೋಟೊ ಬರಲಿಲ್ಲ.
– ವಿರಾಜಪೇಟೆ

ಫೋಟೊ ಬದಲು ಕಳ್ಳನ ಕಂಪ್ಯೂಟರ್ ನಿಮ್ಮ ವಾಟ್ಸ್‌ಆ್ಯಪ್‌ಗೆ ಸೇರಿಕೊಂಡಿದೆ. ಆ ಕೋಡ್ ಹೊಸ ಸಾಧನ ಜೋಡಿಸುವ ಕೋಡ್. ನಿಮ್ಮ ಫೋನ್ ಎಂದಿನಂತೆ ನಡೆಯುವುದರಿಂದ ಸುಳಿವು ಸಿಗುವುದಿಲ್ಲ. ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ನಿಮ್ಮದಲ್ಲದ ಎಲ್ಲವನ್ನೂ ಈಗಲೇ ಲಾಗ್ ಔಟ್ ಮಾಡಿ. ನಿಮ್ಮ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ ಎಂದು ಮನೆಯವರಿಗೆ, ಗೆಳತಿಯರಿಗೆ ಕಾಲ್ ಮಾಡಿ ಹೇಳಿ. ಲಿಂಕ್ ಕಳಿಸಿದ ಗೆಳತಿಗೂ ಹೇಳಿ, ಅವರದ್ದೂ ಹೀಗೇ ಹೋಗಿರುತ್ತದೆ. ಆರಂಕಿಯ ‘ಟು-ಸ್ಟೆಪ್ ವೆರಿಫಿಕೇಷನ್’ ಪಿನ್ ಕೂಡ ಹಾಕಿಕೊಳ್ಳಿ. ಆದರೆ ಈ ಬಗೆಯ ಮೋಸವನ್ನು ಅದು ತಡೆಯುವುದಿಲ್ಲ. ಬೇರೆ ಫೋನಿನಲ್ಲಿ ನಿಮ್ಮ ನಂಬರ್ ನೋಂದಾಯಿಸುವುದನ್ನು ಮಾತ್ರ ತಡೆಯುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ನನ್ನ ವಾಟ್ಸ್‌ಆ್ಯಪ್ ಅನ್ನು ಅವರ ಕಂಪ್ಯೂಟರ್‌ನಲ್ಲಿ ತೆರೆದಿದ್ದೆ. ತೊಂದರೆ ಇದೆಯೇ?
– ಶನಿವಾರಸಂತೆ

ಲಾಗ್ ಔಟ್ ಮಾಡದೆ ಬಂದಿದ್ದರೆ ಇದೆ. ಮೇಲೆ ಹೇಳಿದ ‘ಲಿಂಕ್ಡ್ ಡಿವೈಸಸ್’ ಪಟ್ಟಿಯಿಂದಲೇ ಮನೆಯಲ್ಲಿ ಕೂತು ಅದನ್ನು ತೆಗೆಯಬಹುದು. ಮುಂದಿನ ಸಲ ಅಂಗಡಿಯ ನಂಬರಿಗೆ ಪಿಡಿಎಫ್ ಕಳಿಸಿ, ಪ್ರಿಂಟ್ ಆದ ಕೂಡಲೇ ‘ಡಿಲೀಟ್ ಫಾರ್ ಎವ್ರಿವನ್’ ಒತ್ತಿ. ಅವರ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದ ಪ್ರತಿಯನ್ನು ಎದುರಿಗೇ ನಿಂತು ಅಳಿಸಲು ಹೇಳಿ. ಆಧಾರ್ ಆದರೆ ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್ಡ್ ಆಧಾರ್’ ಸಾಕಾಗುವ ಕಡೆ ಅದನ್ನೇ ಕೊಡಿ. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ತಾಣದಿಂದ ಇಳಿಸಿಕೊಳ್ಳಬಹುದು.